ಹಂಗಿಸಿದರೆ ಮೈ ಕರಗುವುದೇ?

ದಪ್ಪಗಿರುವವರನ್ನು ಹಂಗಿಸಲು ನಮ್ಮಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಕನ್ನಡದ ಮನೆಯಲ್ಲಿ 'ಡುಮ್ಮಿ', ಉರ್ದು ಮನೆಯಲ್ಲಿ 'ಮೋಟಿ'. ಮದುವೆಯೂಟದಲ್ಲಿ ಎರಡನೇ ಸಲ ಬಿರಿಯಾನಿ ಹಾಕಿಸಿಕೊಂಡ ಹುಡುಗಿಯನ್ನು ಹತ್ತು ಕಣ್ಣುಗಳು ಅಳೆಯುತ್ತವೆ. ಕೇಳಿದರೆ, 'ಅವಳ ಒಳ್ಳೆಯದಕ್ಕೇ ಹೇಳಿದ್ದು, ನಾಚಿಕೆಯಾದರೆ ತಾನೇ ಇಳಿಸಿಕೊಳ್ಳುತ್ತಾಳೆ' ಎಂಬ ಉತ್ತರ ಸಿದ್ಧ.

1947ರ 'ದರ್ದ್' ಚಿತ್ರದಲ್ಲಿ ನೌಷಾದರ ಸಂಗೀತಕ್ಕೆ ಹಾಡಿ ಹೆಸರಾದ ಉಮಾದೇವಿಯನ್ನು ಇಂದು ಎಷ್ಟು ಜನ ಬಲ್ಲರು? ಹಿಂದಿ ಸಿನಿಮಾ ಆಕೆಯನ್ನು 'ಟುನ್ ಟುನ್' ಮಾಡಿ ನಗಿಸಿತು. ಆ ಕಂಠವನ್ನು ಮರೆತೆವು; ಆ ಹೆಸರನ್ನು ಮಾತ್ರ ದಪ್ಪಗಿನ ಹೆಂಗಸರಿಗೆ ಅಂಟಿಸಲು ಉಳಿಸಿಕೊಂಡೆವು.

ಇರಲಿ, ನಾಚಿಕೆಯಿಂದ ತೂಕ ಇಳಿಯುವುದಾದರೂ ನಿಜವೇ? ಇಂಗ್ಲೆಂಡಿನಲ್ಲಿ 50 ದಾಟಿದ 2,944 ಜನರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರ ತೂಕ ಸರಾಸರಿ ಸುಮಾರು 1 ಕಿಲೋ ಏರಿತ್ತು. ಉಳಿದವರದು ಸುಮಾರು 0.7 ಕಿಲೋ ಇಳಿದಿತ್ತು. ಅವಮಾನವೇ ತೂಕ ಏರಿಸಿತೆಂದು ಇದರಿಂದ ಸಾಬೀತಾಗುವುದಿಲ್ಲ ಎನ್ನಬಹುದು. ಸರಿ, ಆದರೆ ಅವಮಾನ ತೂಕ ಇಳಿಸುತ್ತದೆ ಎನ್ನುವವರ ಕಡೆಗಂತೂ ಈ ಲೆಕ್ಕ ನಿಲ್ಲುವುದಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಜನ ನಗುತ್ತಾರೆಂದು ಹೆದರಿದವಳು ವಾಕಿಂಗಿಗೆ ಹೊರಡುವುದಿಲ್ಲ. ಎಲ್ಲರೆದುರು ಅರೆಹೊಟ್ಟೆ ಉಂಡು, ಅಡುಗೆಮನೆಯಲ್ಲಿ ಕದ್ದು ತಿನ್ನುತ್ತಾಳೆ. ಮಂಡಿನೋವೆಂದು ಹೋದಾಗ ಮಂಡಿ ನೋಡದೆ 'ಮೊದಲು ತಿನ್ನೋದು ಬಿಡಿ' ಎಂದ ಡಾಕ್ಟರ ಬಳಿಗೆ ಮತ್ತೆ ಹೋಗುವುದಿಲ್ಲ. ಮೈಯೊಳಗೆ ಸೇರಿದ ಸಕ್ಕರೆ ಕಾಯಿಲೆ ತಡವಾಗಿ ಗೊತ್ತಾಗುತ್ತದೆ. ಇದೇನು ಆರೋಗ್ಯದ ಕಾಳಜಿಯೇ?

ಬೊಜ್ಜಿನಿಂದ ಅಪಾಯವಿಲ್ಲವೆಂದು ನಾವು ಹೇಳುತ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಹೆಚ್ಚು ತೂಕದ ಮಹಿಳೆಯರು 2015-16ರಲ್ಲಿ ನೂರಕ್ಕೆ 23 ಮಂದಿ ಇದ್ದರು, 2019-21ರಲ್ಲಿ 30ಕ್ಕೇರಿದರು. ಆ ಅವಧಿಯಲ್ಲಿ ಹಂಗಿಸುವವರೇನೂ ಕಡಿಮೆಯಾಗಿರಲಿಲ್ಲ! ಅಥವಾ ಇಷ್ಟೊಂದು ಹೆಂಗಸರಿಗೆ ಒಮ್ಮೆಲೇ ನಾಚಿಕೆ ಕೆಟ್ಟಿತೇ? ಗಂಡಸರಲ್ಲೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ಗಂಡಸಿನ ಹೊಟ್ಟೆಯನ್ನು ನಾವು ಸಿರಿತನದ ಗುರುತೆನ್ನುತ್ತೇವೆ.

ನಿಜವಾದ ಕಾಳಜಿ ಇದ್ದವರಿಗೆ ಕೆಲಸ ಬೇಕಾದಷ್ಟಿದೆ. ಒಬ್ಬಳ ತಟ್ಟೆ ಕಾಯುವ ಬದಲು ಇಡೀ ಮನೆಯ ಅಡುಗೆಯಲ್ಲಿ ಎಣ್ಣೆ, ಸಕ್ಕರೆ ಕಡಿಮೆ ಮಾಡೋಣ. ಹೆಂಗಸರು ನಿರ್ಭಯವಾಗಿ ನಡೆದಾಡಲು ಬಡಾವಣೆಗೊಂದು ಪಾರ್ಕು, ಬೀದಿದೀಪ ಕೇಳೋಣ. ಬೆಳಿಗ್ಗೆ ಅರ್ಧ ಗಂಟೆ ಜೊತೆಗೆ ನಡೆಯೋಣ. ಇದಾವುದೂ ಆಗದಿದ್ದರೆ, ಬಾಯಿ ಮುಚ್ಚಿಕೊಂಡಿರುವುದೂ ಒಂದು ಉಪಕಾರವೇ.