ಎರಡೇ ಆಯ್ಕೆಯ ಫಾರಂ

ಹೈದರಾಬಾದಿನಲ್ಲಿ ಚಳಿ ಅನ್ನುವುದು ಹೆಸರಿಗೆ ಮಾತ್ರ. ಆದರೂ ನವೆಂಬರ್ ಬಂತೆಂದರೆ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಬರುತ್ತವೆ, ನಾವೂ ಕೊಳ್ಳುತ್ತೇವೆ. ಹೋದ ವರ್ಷ ಮಗಳಿಗೊಂದು ಟೋಪಿ ಆರಿಸುತ್ತಾ "ಇದು ಬಿಗಿಯಾಗುತ್ತೇನೋ" ಎಂದು ಹೆಂಡತಿಯ ಕಡೆ ನೋಡಿದೆ. "ಎರಡು ದಿನ ಹಾಕಿದ್ರೆ ಸಡಿಲ ಆಗುತ್ತೆ ಅಣ್ಣ" ಎಂದು ಉತ್ತರ ಕೊಟ್ಟವರು ಅಂಗಡಿಯಾಕೆ! ಬೈಲಕುಪ್ಪೆಯವರಂತೆ. ಆಮೇಲೆ ನನಗೆ ಚೌಕಾಸಿ ಮಾಡುವ ಮನಸ್ಸೇ ಬರಲಿಲ್ಲ.

ಈ ಜೂನ್‌ನಲ್ಲಿ ಅವರ ಫೋನ್ ಬಂತು. ಕೊನೆಯ ತಮ್ಮ ಇಲ್ಲಿನ ಒಂದು ಕಾಲೇಜಿನಲ್ಲಿ ಎಂಎಸ್ಸಿಗೆ ಅರ್ಜಿ ಹಾಕಬೇಕು, ಆನ್‌ಲೈನ್ ಫಾರಂ ಮುಂದಕ್ಕೇ ಹೋಗುತ್ತಿಲ್ಲ. "ನೀವು ಕಂಪ್ಯೂಟರಿನವರಲ್ವಾ, ಸ್ವಲ್ಪ ನೋಡಿ ಅಣ್ಣ."

ನೋಡಿದೆ. ರಾಷ್ಟ್ರೀಯತೆ ಎಂಬಲ್ಲಿ ಎರಡೇ ಆಯ್ಕೆ: ಭಾರತೀಯ, ವಿದೇಶಿ. ಭಾರತೀಯ ಎಂದರೆ ಸುಳ್ಳು ಹೇಳಿದಂತೆ. ವಿದೇಶಿ ಎಂದರೆ ಪಾಸ್‌ಪೋರ್ಟ್ ಸಂಖ್ಯೆ, ವಿದ್ಯಾರ್ಥಿ ವೀಸಾ ಬೇಕು, ಎರಡಕ್ಕೂ ಕೆಂಪು ನಕ್ಷತ್ರ. ಮೇಲೆ ಡಾಲರ್ ಲೆಕ್ಕದ ಶುಲ್ಕ. ಹುಡುಗ ಹುಟ್ಟಿದ್ದು 2003ರಲ್ಲಿ, ಬೈಲಕುಪ್ಪೆಯಲ್ಲೇ. ಅವನ ಹತ್ತಿರ ಇರುವುದು ಸರ್ಕಾರ ಕೊಟ್ಟ ನೋಂದಣಿ ಪತ್ರ, ಅವರು ಆರ್‌ಸಿ ಅನ್ನುತ್ತಾರೆ. ಅದನ್ನು ಹಾಕಲು ಫಾರಂನಲ್ಲಿ ಜಾಗವೇ ಇಲ್ಲ.

ವಿಚಿತ್ರವೆಂದರೆ ಅಕ್ಕನ ಹತ್ತಿರ ವೋಟರ್ ಐಡಿ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಆಮೇಲೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು. 2004ರ ಡಿಸೆಂಬರಿನಿಂದ ನಿಯಮ ಇನ್ನೂ ಬಿಗಿ. ಈ ಕಾನೂನು ಟಿಬೆಟನ್ನರಿಗೂ ಸಲ್ಲುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದವು. 2014ರಲ್ಲಿ ಚುನಾವಣಾ ಆಯೋಗವೂ ಒಪ್ಪಿತು. ಅಕ್ಕ 1986ರವರು. ಅಪ್ಪ ಅಮ್ಮ ಮಕ್ಕಳಾಗಿದ್ದಾಗ ಟಿಬೆಟ್ ಬಿಟ್ಟು ಬಂದವರು. ಹಾಗಾಗಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ಭಾರತೀಯಳು, ತಮ್ಮ ವಿದೇಶಿ.

ನಾನು ಹುಟ್ಟಿದ್ದು 1987ರ ನವೆಂಬರಿನಲ್ಲಿ. ಎಂಟೆಕ್‌ಗೆ ಸೇರುವಾಗ ಆ ಕಾಲಂ ಓದದೆಯೇ ತುಂಬಿದ್ದೆ. ಅಷ್ಟೇ ಅಲ್ಲ, ಇಂಥ ಎಷ್ಟೋ ಫಾರಂಗಳನ್ನು ಕೆಲಸದಲ್ಲಿ ನಾನೇ ಮಾಡಿಕೊಟ್ಟಿದ್ದೇನೆ. ಎಲ್ಲಿ ಕೆಂಪು ನಕ್ಷತ್ರ ಇಡಬೇಕೆಂದು ಐದು ನಿಮಿಷ ಕೂಡ ಯೋಚಿಸಿದ್ದಿಲ್ಲ.

ಅಮೆರಿಕದಲ್ಲಿರುವ ಓದುಗರಿಗೆ ಇದು ಹೊಸದಲ್ಲ. ಅಲ್ಲಿ ಹುಟ್ಟಿದ ಚಿಕ್ಕವಳು ಅಮೆರಿಕನ್, ಬೆಂಗಳೂರಿನಲ್ಲಿ ಹುಟ್ಟಿ ಕೈಕೂಸಾಗಿ ಹೋದ ದೊಡ್ಡವನು ಎಚ್-4, ಇಪ್ಪತ್ತೊಂದು ತುಂಬಿದೊಡನೆ ಬೇರೆ ವೀಸಾ ಹುಡುಕಬೇಕು. ಇನ್ನು ನಮ್ಮೂರಿನ ಬಾಲಾಪುರದ ರೋಹಿಂಗ್ಯಾ ಮಕ್ಕಳಿಗೆ ಆರ್‌ಸಿ ಕೂಡ ಇಲ್ಲ, ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡಿದ್ದರೆ ಅದೇ ದೊಡ್ಡದು. ದೆಹಲಿಯ ರೋಹಿಂಗ್ಯಾ ಮಕ್ಕಳು ಸರ್ಕಾರಿ ಶಾಲೆಗೆ ಹೋಗಿ ಸೇರ್ಪಡೆ ಕೇಳಲಿ ಎಂದು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶಾಲೆಯಾದ ಮೇಲೆ?

ಒಂದು ಶನಿವಾರ ಹುಡುಗನ ಜೊತೆ ಕಾಲೇಜಿಗೇ ಹೋದೆ. ಕೌಂಟರಿನಲ್ಲಿದ್ದವರು ಆರ್‌ಸಿಯನ್ನು ಹಿಂದೆ ಮುಂದೆ ತಿರುಗಿಸಿ, "ಯೇ ಕ್ಯಾ ಹೈ? ಚೈನಾ ಕಾ ಹೈ ಕ್ಯಾ?" ಎಂದು ಜೋರಾಗಿಯೇ ಕೇಳಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಹುಡುಗ ನೆಲ ನೋಡಿದ. ಕಾನೂನು ಬದಲಿಸುವುದು ಕಾಲೇಜಿನ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಈ ಪ್ರಶ್ನೆಯನ್ನು ಒಳಗೆ ಕೂರಿಸಿ ಕೇಳುವುದು ಅದರ ಕೈಯಲ್ಲೇ ಇದೆ. ಇಂಥ ಕಾಗದಗಳನ್ನು ಬಲ್ಲ ಒಬ್ಬ ಗುಮಾಸ್ತರನ್ನು ಗೊತ್ತು ಮಾಡಿ, ಅವರ ನಂಬರನ್ನು ಪ್ರಕಟಣೆಯಲ್ಲಿ ಹಾಕಬಹುದು. ಶುಲ್ಕ ಎಷ್ಟೆಂದು ಸೇರುವ ಮೊದಲೇ ಬರೆದು ಕೊಡಬಹುದು. ಫಾರಂನಲ್ಲಿ 'ಇತರೆ' ಎಂಬ ಮೂರನೇ ಆಯ್ಕೆ ಸೇರಿಸುವುದಂತೂ ನನ್ನಂಥವನಿಗೆ ಒಂದು ಮಧ್ಯಾಹ್ನದ ಕೆಲಸ. ಪುಕ್ಕಟೆ ಮಾಡಿಕೊಡುತ್ತೇನೆ ಎಂದೂ ಹೇಳಿದೆ. ಅವರು ನಕ್ಕರು.

ಕೊನೆಗೆ ಒಳಗಿನಿಂದ ವಯಸ್ಸಾದ ಮೇಡಂ ಒಬ್ಬರು ಬಂದು, ಅವನಿಗೆ ಕುರ್ಚಿ ಕೊಟ್ಟು, ಅರ್ಜಿಯನ್ನು ಕಾಗದದಲ್ಲೇ ಬರೆಸಿಕೊಂಡರು. ಬಿಎಸ್ಸಿ ಅಂಕಪಟ್ಟಿ ನೋಡಿ "ಒಳ್ಳೆ ಮಾರ್ಕ್ಸ್" ಎಂದರು. ಆ ಹೊತ್ತಿನಲ್ಲಿ ಅವನ ಅಂಕ ನೋಡಿದವರು ಅವರೊಬ್ಬರೇ.

ಸೀಟು ಸಿಕ್ಕಿದೆ. ಶುಲ್ಕ ರೂಪಾಯಿ ಲೆಕ್ಕವೋ ಡಾಲರ್ ಲೆಕ್ಕವೋ ಇನ್ನೂ ತಿಳಿಸಿಲ್ಲ. ಅಕ್ಕ ಈ ಸಲ ಸ್ವೆಟರ್ ಸರಕು ಜಾಸ್ತಿ ತರುತ್ತಾರಂತೆ.