ನಾಯಿಗೆ ಫಿಟ್ಸ್ ಬಂದರೆ ಹುಚ್ಚಲ್ಲ

ಹೋದ ವರ್ಷ ಶಾಲೆ ಶುರುವಾದ ಹೊಸತರಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ನನ್ನ ಮೇಜಿನ ಬಳಿ ಬಂದು ನಿಂತ. "ಸಾರ್, ನಮ್ಮ ನಾಯಿಗೆ ಹುಚ್ಚು ಹಿಡಿದಿದೆಯಂತೆ. ಭಾನುವಾರ ದೂರ ಬಿಟ್ಟು ಬರ್ತಾರಂತೆ" ಎಂದ. ವಿಚಾರಿಸಿದೆ. ಮೂರು ವರ್ಷದ ನಾಯಿ. ನಸುಕಿನಲ್ಲಿ ಇದ್ದಕ್ಕಿದ್ದಂತೆ ಬಿದ್ದು, ಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಮೂತ್ರ ಮಾಡಿಕೊಂಡಿತ್ತು. ಎದ್ದ ಮೇಲೂ ಸ್ವಲ್ಪ ಹೊತ್ತು ಯಾರ ಗುರುತೂ ಹಿಡಿಯದೆ ಗೋಡೆಗೆ ಡಿಕ್ಕಿ ಹೊಡೆಯುತ್ತಿತ್ತು. ಮಧ್ಯಾಹ್ನ ಎಂದಿನಂತೆ ಅನ್ನ ತಿಂದಿತು. ಎರಡು ತಿಂಗಳ ಹಿಂದೆಯೂ ಹೀಗೇ ಆಗಿತ್ತಂತೆ.

ಆ ಕಡೆಯ ಮಾತೇ ಮುಖ್ಯ. ರೇಬಿಸ್ ಲಕ್ಷಣ ಕಾಣಿಸಿಕೊಂಡ ನಾಯಿ ದಿನದಿಂದ ದಿನಕ್ಕೆ ಹದಗೆಟ್ಟು, ಸಾಮಾನ್ಯವಾಗಿ 10 ದಿನಗಳೊಳಗೆ ಸಾಯುತ್ತದೆ. ಎರಡು ತಿಂಗಳು ಬಾಲ ಅಲ್ಲಾಡಿಸಿಕೊಂಡು ಇರುವುದಿಲ್ಲ. ಇದು ಮೂರ್ಛೆರೋಗ ಇರಬೇಕು, ಮೊದಲು ಪಶುವೈದ್ಯರಿಗೆ ತೋರಿಸಿ ಎಂದು ತಂದೆಗೆ ಚೀಟಿ ಬರೆದುಕೊಟ್ಟೆ.

ಮಿದುಳಿನ ನರಕೋಶಗಳು ವಿದ್ಯುತ್ ಸಂಕೇತಗಳಿಂದ ಮಾತಾಡಿಕೊಳ್ಳುತ್ತವೆ. ಕೆಲವು ಕೋಶಗಳು ಪ್ರಚೋದಿಸಿದರೆ ಕೆಲವು ತಡೆಯುತ್ತವೆ. ತರಗತಿಯಲ್ಲಿ ಒಬ್ಬೊಬ್ಬರೇ ಉತ್ತರ ಹೇಳುವ ಬದಲು ಎಲ್ಲರೂ ಒಟ್ಟಿಗೆ ಕಿರುಚಿದರೆ ಹೇಗೋ ಹಾಗೆ, ಈ ತಡೆ ಸೋತಾಗ ಅಸಂಖ್ಯಾತ ಕೋಶಗಳು ಏಕಕಾಲಕ್ಕೆ ಸಿಡಿಯುತ್ತವೆ. ಅದೇ ಸೆಳವು. ವಿಷ, ಡಿಸ್ಟೆಂಪರ್, ಪಿತ್ತಜನಕಾಂಗದ ತೊಂದರೆ, ರಕ್ತದಲ್ಲಿ ಸಕ್ಕರೆ ಕುಸಿತ ಇವುಗಳಿಂದಲೂ ಸೆಳವು ಬರಬಹುದು. ಯಾವ ಕಾರಣವೂ ಸಿಗದೆ, 6 ತಿಂಗಳಿಂದ 6 ವರ್ಷದೊಳಗೆ ಶುರುವಾಗುವುದು ಹೆಚ್ಚಾಗಿ ಹುಟ್ಟಿನಿಂದಲೇ ಬಂದ ಒಲವು. ಲ್ಯಾಬ್ರಡಾರ್, ಜರ್ಮನ್ ಶೆಪರ್ಡ್, ಬೀಗಲ್ ತಳಿಗಳಲ್ಲಿ ಇದು ಜಾಸ್ತಿ.

ಆ ಮನೆಯವರು ನಾಯಿಯ ಹಲ್ಲಿನ ನಡುವೆ ಕಬ್ಬಿಣದ ಬೀಗದ ಕೈ ತುರುಕಲು ಹೋಗಿದ್ದರಂತೆ! ಮನುಷ್ಯರಿಗೇ ಅದರಿಂದ ಉಪಯೋಗವಿಲ್ಲ, ನಾಯಿಗೆಲ್ಲಿಂದ ಬಂತು? ನಾಲಿಗೆ ನುಂಗಿಕೊಳ್ಳುತ್ತದೆ ಎಂಬುದೂ ಸುಳ್ಳು. ಪ್ರಜ್ಞೆಯಿಲ್ಲದ ಬಾಯಿ ನಿಮ್ಮ ಬೆರಳನ್ನೇ ಕಚ್ಚೀತು. ಬಾಯಿಗೆ ನೀರನ್ನೂ ಹಾಕಬೇಡಿ. ಸುತ್ತಲಿನ ಸಾಮಾನು ಸರಿಸಿ, ಮೆಟ್ಟಿಲಿನ ಹತ್ತಿರವಿದ್ದರೆ ಅಲ್ಲಿಂದ ದೂರ ಎಳೆದು, ದೀಪ ಆರಿಸಿ, ಗಡಿಯಾರ ನೋಡಿ. ಬಹುತೇಕ ಸೆಳವು ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. 5 ನಿಮಿಷ ದಾಟಿದರೆ, ಅಥವಾ ಒಂದೇ ದಿನದಲ್ಲಿ ಮತ್ತೆ ಬಂದರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಮೈ ಕಾದು ಮಿದುಳಿಗೆ ಹಾನಿಯಾಗುವ ಭಯವಿದೆ.

ಬೀದಿನಾಯಿಯ ವಿಷಯ ಬೇರೆ. ರೇಬಿಸ್‌ನಲ್ಲೂ ಸೆಳವು ಬರಬಹುದಾದ್ದರಿಂದ ಅದನ್ನು ಮುಟ್ಟಬೇಡಿ. ಕಲ್ಲನ್ನಂತೂ ಹೊಡೆಯಬೇಡಿ. ಯಾವ ನಾಯಿಯೇ ಕಚ್ಚಿದರೂ, ಗಾಯಕ್ಕೆ ಜೊಲ್ಲು ತಗುಲಿದರೂ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಔಷಧಿಗಳು ಹಳೆಯವೇ. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಅಪಸ್ಮಾರಕ್ಕೆ ಹೇಳಿದ ಪೊಟ್ಯಾಸಿಯಂ ಬ್ರೋಮೈಡ್ (ಹ್ಯಾಲೋಜನ್ ಪಾಠ ಮರೆತವರು ಪುಸ್ತಕ ತೆಗೆಯಿರಿ) ಮನುಷ್ಯರ ಚಿಕಿತ್ಸೆಯಲ್ಲಿ ಬಹುತೇಕ ಮರೆಯಾದರೂ ನಾಯಿಗಳಿಗೆ ಇಂದಿಗೂ ಸಲ್ಲುತ್ತಿದೆ. 1912ರಿಂದ ಬಳಕೆಗೆ ಬಂದ ಫಿನೋಬಾರ್ಬಿಟಾಲ್ ಇನ್ನೊಂದು. ಇದರಿಂದ ಹಸಿವು, ಬಾಯಾರಿಕೆ ಹೆಚ್ಚುತ್ತದೆ. ಗುಣವಾಯಿತೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಸೆಳವು ಮೊದಲಿಗಿಂತ ಜೋರಾಗಿ ಮರಳೀತು.

ವೈದ್ಯರೂ ಮೂರ್ಛೆರೋಗವೆಂದೇ ಹೇಳಿದರು. ಆ ಭಾನುವಾರದ ಪ್ರಯಾಣ ನಿಂತಿತು. ಈಗ ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ತಾಯಿಯೇ ಮಾತ್ರೆ ಕೊಡುತ್ತಾರೆ. ಹುಡುಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಮೊನ್ನೆ ತಂದು ತೋರಿಸಿದ. ಕಡೆಯ ಸಾಲು ಐದು ತಿಂಗಳ ಹಿಂದಿನದು: "ರಾತ್ರಿ 4.10. ಒಂದು ನಿಮಿಷ 20 ಸೆಕೆಂಡು. ಆಮೇಲೆ ನನ್ನ ಕಾಲ ಮೇಲೆ ಮಲಗಿತು."