ಬಿಡಲಾಗದ ಉಸಿರಿನ ಲೆಕ್ಕ

ಅಸ್ತಮಾ ಮತ್ತು ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ರೋಗ) ರೋಗಿಗಳು ಸಾಮಾನ್ಯವಾಗಿ ದೂರುವುದು ಉಸಿರು ಎಳೆದುಕೊಳ್ಳಲಾಗುತ್ತಿಲ್ಲ ಎಂದು. ತೊಡಕಿನ ಮೂಲ ಇರುವುದು ಉಸಿರು ಬಿಡುವುದರಲ್ಲಿ. ಕಿರಿದಾದ ಶ್ವಾಸನಾಳಗಳಿಂದ ಗಾಳಿ ಹೊರಹೋಗಲು ಹೆಚ್ಚು ಹೊತ್ತು ಬೇಕು. ಅದು ಪೂರ್ತಿ ಹೋಗುವ ಮೊದಲೇ ಮುಂದಿನ ಉಸಿರು ಒಳಬರುತ್ತದೆ. ಹೀಗೆ ಉಳಿದ ಗಾಳಿಯಿಂದ ಶ್ವಾಸಕೋಶ ಮಿತಿಮೀರಿ ಹಿಗ್ಗಿಯೇ ಇರುತ್ತದೆ. ಗಾಳಿಗೂಡುಗಳ ಗೋಡೆ ಸವೆದು ಸ್ಥಿತಿಸ್ಥಾಪಕತೆ ಕುಗ್ಗಿದವರಲ್ಲಿ ಈ ಹಿಗ್ಗು ಸುಮ್ಮನೆ ಕೂತಾಗಲೂ ಇರುತ್ತದೆ, ದುಡಿಯುವಾಗ ಇನ್ನೂ ಏರುತ್ತದೆ. ನಿಮಿಷಕ್ಕೆ 15 ಸಲ ಉಸಿರಾಡುವವರಿಗೆ ಒಂದು ಉಸಿರಿಗೆ 4 ಸೆಕೆಂಡು ಸಿಗುತ್ತದೆ; 30 ಸಲವಾದರೆ ಎರಡೇ ಸೆಕೆಂಡು. ಶ್ವಾಸಕೋಶ ಹೀಗೆ ಹಿಗ್ಗಿದಾಗ ವಪೆ ಚಪ್ಪಟೆಯಾಗಿ ಬಲ ಕಳೆದುಕೊಳ್ಳುತ್ತದೆ, ಹೊಸ ಉಸಿರಿಗೆ ಒಳಗೆ ಜಾಗವೇ ಉಳಿಯುವುದಿಲ್ಲ. ಎದೆ ತುಂಬ ಗಾಳಿಯಿದ್ದೂ ದಮ್ಮು ಕಟ್ಟುವುದು ಹೀಗೆ.

ಈ ವಿಷಯಕ್ಕೂ ಬೆಂಗಳೂರಿನ ಹೊರವಲಯಕ್ಕೂ ಹತ್ತಿರದ ನಂಟಿದೆ. 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್, ವೆಲ್ಡಿಂಗ್, ಪೌಡರ್ ಕೋಟಿಂಗ್, ಎಲೆಕ್ಟ್ರೋಪ್ಲೇಟಿಂಗ್ ಶೆಡ್‌ಗಳೂ ಗಾರ್ಮೆಂಟ್ಸ್ ಘಟಕಗಳೂ ಒತ್ತೊತ್ತಾಗಿವೆ. ವೆಲ್ಡಿಂಗ್ ಹೊಗೆ, ಕೆಲವು ಸ್ಪ್ರೇ ಪೇಂಟ್‌ಗಳಲ್ಲಿರುವ ಐಸೋಸಯನೇಟ್, ಹತ್ತಿಯ ದೂಳು ಇವೆಲ್ಲ ಶ್ವಾಸನಾಳವನ್ನು ಕೆಣಕುವಂಥವು. ಬೀಡಿ ಮತ್ತು ತುಮಕೂರು ರಸ್ತೆಯ ಲಾರಿ ಹೊಗೆ ಬೇರೆ. ಹಳ್ಳಿಯಿಂದ ಗಾರ್ಮೆಂಟ್ಸ್‌ಗೆ ಬಂದ ಅನೇಕ ಹೆಣ್ಣುಮಕ್ಕಳು ಸೌದೆ ಒಲೆಯ ಹೊಗೆಯನ್ನು ಮೊದಲೇ ಕುಡಿದಿರುತ್ತಾರೆ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ ಬರುವ ಸೂಚ್ಯಂಕ 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದುಕಾಣುತ್ತದೆ ಎಂದಿತು. ದಿನಕ್ಕೆ 4 ಗಂಟೆಯಂತೆ 15 ವರ್ಷವಾದರೆ ಅಷ್ಟಾಯಿತು. ಬೀಡಿ ಮುಟ್ಟದವರಿಗೆ ಸಿಒಪಿಡಿ ಇಲ್ಲ ಎನ್ನುವ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಮುಂದೆ ಕೂತವರ ಶ್ವಾಸಕೋಶವೂ ಇಷ್ಟೇ ಹಾಳಾಗಿರಬಹುದು. ಮೆಟ್ಟಿಲು ಹತ್ತುವವರೆಗೆ ಗೊತ್ತಾಗುವುದಿಲ್ಲ. ಪಕ್ಕದ ಕಟ್ಟಡದಲ್ಲಿ ಸಿಮೆಂಟ್ ಮೂಟೆ ಹೊರುವವರಿಗೆ ಅದು ಬೆಳಗ್ಗೆಯೇ ಗೊತ್ತಾಗುತ್ತದೆ.

ಶ್ವಾಸನಾಳ ಹಿಗ್ಗಿಸುವ ಔಷಧಿ, ಅಂದರೆ ಬ್ರಾಂಕೋಡೈಲೇಟರ್, ಫಲ ಕೊಟ್ಟಿತೇ ಇಲ್ಲವೇ ಎಂದು ತೀರ್ಮಾನಿಸುವುದು ಹೇಗೆ? ರೂಢಿಯ ವಿಧಾನ ಸ್ಪೈರೋಮೆಟ್ರಿ. ಊದಿಸಿ ಅಳೆದು, 400 ಮೈಕ್ರೋಗ್ರಾಂ ಸಾಲ್ಬುಟಮಾಲ್ ಕೊಟ್ಟು, 15 ನಿಮಿಷದ ಮೇಲೆ ಮತ್ತೆ ಊದಿಸುತ್ತಾರೆ. ರಭಸದಿಂದ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ (ಎಫ್‌ಇವಿ1) ಅಥವಾ ಒಟ್ಟು ಊದಿದ ಗಾಳಿ ಶೇ. 12ರಷ್ಟು, ಜೊತೆಗೆ 200 ಮಿ.ಲೀ. ಹೆಚ್ಚಿದರೆ ಪಾಸಿಟಿವ್ ಎಂದು 2005ರ ಅಮೆರಿಕ–ಯುರೋಪ್ ಮಾರ್ಗಸೂಚಿ ಹೇಳಿತು. ಹೊಸ ಮಾರ್ಗಸೂಚಿ ವ್ಯಕ್ತಿಯ ನಿರೀಕ್ಷಿತ ಅಳತೆಯ ಶೇ. 10ನ್ನು ಮೀರಿದ ಏರಿಕೆಯನ್ನು ಕೇಳುತ್ತದೆ.

ಒಬ್ಬ ರೋಗಿಯ ಎಫ್‌ಇವಿ1 1.2 ಲೀಟರಿನಿಂದ 1.3ಕ್ಕೆ ಏರಿತೆನ್ನೋಣ. ಹಳೆಯ ಅಳತೆಗೋಲಿನಲ್ಲಿ ಇದು ನೆಗೆಟಿವ್. ಆದರೆ ಅದೇ ಹೊತ್ತಿಗೆ ಸಿಕ್ಕಿಬಿದ್ದ ಗಾಳಿ ಹೊರಹೋಗಿ, ಅವನು ಒಳಗೆಳೆದುಕೊಳ್ಳಬಲ್ಲ ಗರಿಷ್ಠ ಗಾಳಿ 300 ಮಿ.ಲೀ. ಹೆಚ್ಚಿರಬಹುದು. ನೆಗೆಟಿವ್ ವರದಿ ಹಿಡಿದವನಿಗೆ ಮೆಟ್ರೋ ಮೆಟ್ಟಿಲು ಹಗುರವಾಗಿರುತ್ತದೆ. ಮೊದಲ ಸೆಕೆಂಡಿನ ಅಳತೆ ನಾಳದಲ್ಲಿ ಗಾಳಿ ಹರಿಯುವ ವೇಗವನ್ನು ತೋರಿಸುತ್ತದೆ. ಏದುಸಿರಿಗೆ ಹೆಚ್ಚು ಹತ್ತಿರದ್ದು ಒಳಗಿನ ಜಾಗ. ಒಂದೇ ಅಂಕಿ ನೋಡಿ ಇನ್‌ಹೇಲರ್ ನಿಷ್ಪ್ರಯೋಜಕ ಎನ್ನುವುದು ಅವಸರದ ತೀರ್ಪು.

ಅತ್ತ, ಪಾಸಿಟಿವ್ ಬಂದ ಮಾತ್ರಕ್ಕೆ ಅಸ್ತಮಾ ಎಂದೂ ಅಲ್ಲ. ಸುಮಾರು ಆರು ಸಾವಿರ ಸಿಒಪಿಡಿ ರೋಗಿಗಳಿದ್ದ, 2008ರಲ್ಲಿ ಪ್ರಕಟವಾದ ಅಪ್‌ಲಿಫ್ಟ್ ಪ್ರಯೋಗದಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಎರಡು ಬ್ರಾಂಕೋಡೈಲೇಟರ್‌ಗಳನ್ನು ಒಟ್ಟಿಗೆ ಪಡೆದಾಗ ಶೇ. 12 ಮತ್ತು 200 ಮಿ.ಲೀ. ಗೆರೆ ದಾಟಿದರು. ಒಂದು ಭೇಟಿಯಲ್ಲಿ ಪಾಸಿಟಿವ್ ಆದವರು ಇನ್ನೊಂದರಲ್ಲಿ ನೆಗೆಟಿವ್ ಆಗುವುದೂ ಸಾಮಾನ್ಯ.

ಹಿಗ್ಗನ್ನು ಅಳೆಯಲು ದೊಡ್ಡ ಯಂತ್ರ ಬೇಕೆಂಬ ಆಕ್ಷೇಪ ಅರ್ಧ ಸರಿ. ಪೂರ್ತಿ ಉಸಿರು ಬಿಟ್ಟ ಮೇಲೂ ಉಳಿಯುವ ಗಾಳಿಯನ್ನು ತಿಳಿಯಲು ರೋಗಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುವ ಪ್ಲೆಥಿಸ್ಮೋಗ್ರಫಿಯೋ ಹೀಲಿಯಂ ಪರೀಕ್ಷೆಯೋ ಬೇಕು. ಅವು ದೊಡ್ಡ ಆಸ್ಪತ್ರೆಯ ಸೌಕರ್ಯಗಳು. ಒಳಗೆಳೆದುಕೊಳ್ಳುವ ಸಾಮರ್ಥ್ಯಕ್ಕೆ ಸ್ಪೈರೋಮೀಟರೇ ಸಾಕು: ನಿಧಾನವಾಗಿ ಉಸಿರಾಡಿಸಿ, ಆಮೇಲೆ ಪೂರ್ತಿ ಎಳೆಸಿದರಾಯಿತು. ತಂತ್ರಜ್ಞರ ತಾಳ್ಮೆ ಬೇಕು, ಅಷ್ಟೆ.

ನೆಗೆಟಿವ್ ವರದಿಯಿದ್ದರೂ ಇನ್‌ಹೇಲರ್ ಫಲ ಕೊಡಬಹುದು ಎಂಬುದನ್ನೇ ನೆಪಮಾಡಿಕೊಂಡು ಮೆಡಿಕಲ್ ಶಾಪಿನಿಂದ ಬರೀ ಸಾಲ್ಬುಟಮಾಲ್ ತಂದು ದಿನ ದೂಡುವುದು ಅಸ್ತಮಾ ಇದ್ದವರಿಗೆ ಅಪಾಯಕಾರಿ. ಅದು ನಾಳ ಹಿಗ್ಗಿಸುತ್ತದೆ, ಒಳಗಿನ ಉರಿಯೂತ ಹಾಗೆಯೇ ಇರುತ್ತದೆ. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇಲ್ಲದೆ ಸಾಲ್ಬುಟಮಾಲ್ ಒಂದನ್ನೇ ಬಳಸಬಾರದೆಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

ಕೆಲಸದಿಂದಲೇ ಅಸ್ತಮಾ ಬಂದಿರುವ ಅನುಮಾನವಿದ್ದರೆ ಆಸ್ಪತ್ರೆಯ ಒಂದು ದಿನದ ಪರೀಕ್ಷೆ ಸಾಲದು. ಕೈಯಲ್ಲಿ ಹಿಡಿಯುವ ಪೀಕ್ ಫ್ಲೋ ಮೀಟರನ್ನು ದಿನಕ್ಕೆ ನಾಲ್ಕಾರು ಸಲ ಊದಿ, ಕೆಲಸದ ದಿನಗಳನ್ನೂ ರಜೆಯನ್ನೂ ಕೆಲವು ವಾರ ಹೋಲಿಸಬೇಕು. ಭಾನುವಾರ ಏರಿ ಬುಧವಾರ ಇಳಿಯುವ ಗೆರೆ, ಪರಿಹಾರದ ಅರ್ಜಿಗೆ ಯಾವ ಶೇಕಡಾವಾರಿಗಿಂತಲೂ ಗಟ್ಟಿ ಸಾಕ್ಷಿ. ಸ್ಪೈರೋಮೆಟ್ರಿ ವರದಿಯಲ್ಲಿ ಕೊನೆಯ ಸಲ ಇನ್‌ಹೇಲರ್ ತೆಗೆದುಕೊಂಡ ಹೊತ್ತೂ ಇರಬೇಕು. ಸಾಲ್ಬುಟಮಾಲನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ನಿಲ್ಲಿಸಬೇಕು. ನೈಟ್ ಶಿಫ್ಟ್ ಮುಗಿಸಿ, ಫ್ಯಾಕ್ಟರಿ ಗೇಟಿನಲ್ಲಿ ಎರಡು ಪಫ್ ಎಳೆದು ನೇರ ಆಸ್ಪತ್ರೆಗೆ ಬಂದವರ ಪರೀಕ್ಷೆ ನೆಗೆಟಿವ್ ಆಗುವುದರಲ್ಲಿ ಆಶ್ಚರ್ಯವಿಲ್ಲ.